ತೊನ್ಯೋ ಅಂಕಲ್ ಮೌನವಾಗಿದ್ದರಂತೆ

ಕಳೆದ ಚಳಿಗಾಲದಲ್ಲಿ ಗ್ರೇಸ್ ಎಂಬ ಫಿಲಿಪ್ಪೀನ್ಸಿನ ಹುಡುಗಿ ದೋಹಾದ ನನ್ನ ಫ್ಲ್ಯಾಟಿಗೆ ಬಂದು ಒಂದು ಪುಸ್ತಿಕೆ ಕೊಟ್ಟಳು. ಅದರಲ್ಲಿ ತೊನ್ಯೋ ಅಂಕಲ್ ಕತಾರಿನಲ್ಲಿ ಕಳೆದ ಏಳು ವರ್ಷಗಳಿಗೆ ‘ಮರುಭೂಮಿಯ ಮೌನ’ ಎಂದು ಹೆಸರು ಕೊಟ್ಟಿದ್ದರು. ಓದಿ ನನಗೆ ನಗು ಬರಲಿಲ್ಲ, ರೇಗಿಹೋಯಿತು. ಆ ಮನುಷ್ಯ ಒಂದು ಗಂಟೆ ಮೌನವಾಗಿದ್ದದ್ದನ್ನು ನಾನು ಕಂಡಿಲ್ಲ. ಈಗ ಅವರದ್ದು ಫಿಲಿಪ್ಪೀನ್ಸಿನ ಜಾನಪದ ರಾಕ್ ಸಂಗೀತದಲ್ಲಿ ದೊಡ್ಡ ಹೆಸರು. ಅವರ ಊರಿನ ಗೋಡೆಗಳ ಮೇಲೆ ಎರಡಾಳೆತ್ತರದ ಚಿತ್ರ ಬಿಡಿಸಿದ್ದಾರೆ, ಕಾಲೇಜಿನ ಮಕ್ಕಳು ಅವರಂಥದ್ದೇ ಓಲೆಟೋಪಿ ಹಾಕಿಕೊಂಡು ಅವರ ಹಾಡು ಹಾಡುತ್ತಾರೆ, ತೀರಿಕೊಂಡು ಮೂರು ವರ್ಷವಾದರೂ ದಿನಕ್ಕೊಬ್ಬರು ಅವರ ಬಗ್ಗೆ ಬರೆಯುತ್ತಾರೆ. ಬರೆಯಲಿ. ಆದರೆ ಹೀಗೆ ಬರೆಯುವವರು ಅಲ್ ಖೋರಿನ ನಮ್ಮ ಮನೆಯಲ್ಲಿ, ಪ್ಲೈವುಡ್ ಗೋಡೆಯ ಈಚೆ ಕೂತು ಒಂದು ಸಂಜೆಯಾದರೂ ಐದನೇ ಕ್ಲಾಸಿನ ಭಿನ್ನರಾಶಿ ಲೆಕ್ಕ ಮಾಡಬೇಕಿತ್ತು. ಆ ಏಳು ವರ್ಷಗಳಲ್ಲಿ ಐದು ನಮ್ಮ ಪಾಲಿಗೆ ಬಂದಿದ್ದವು.

ಅದು ಹಳೆಯ ವಿಲ್ಲಾ. ಮಾಲಿಕ ಅದನ್ನು ನಡುವೆ ಸೀಳಿ ಎರಡು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದ. ದೊಡ್ಡ ಹಾಲಿಗೆ ಪ್ಲೈವುಡ್ಡಿನ ಗೋಡೆ ಹೊಡೆದಿದ್ದರು. ಇದ್ದ ಒಂದೇ ಎಸಿಯ ಗಾಳಿ ಎರಡೂ ಕಡೆಗೆ ಹೋಗಬೇಕಲ್ಲ, ಅದಕ್ಕೆ ಗೋಡೆಯನ್ನು ಮೇಲಿನವರೆಗೆ ಒಯ್ಯದೆ ಎರಡು ಗೇಣು ಜಾಗ ಬಿಟ್ಟಿದ್ದರು. ಎಸಿ ಇದ್ದದ್ದು ಅವರ ಕಡೆ, ಅದರ ಸ್ವಿಚ್ಚು ನಮ್ಮ ಕಡೆ. ಇದೊಂದರಿಂದಲೇ ಎಷ್ಟು ಜಗಳ ಹುಟ್ಟಬಹುದು ಎಂದು ಆ ಮಾಲಿಕ ಯೋಚಿಸಿರಲಿಕ್ಕಿಲ್ಲ. ಅಡುಗೆಮನೆ ಒಂದೇ, ಅದರಲ್ಲಿ ಎರಡು ಒಲೆ, ಎರಡು ಸಿಲಿಂಡರು, ಒಂದು ಕಿಟಕಿ. ಪಪ್ಪ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಕ್ರೇನುಗಳ ಸೂಪರ್‌ವೈಸರ್. ಬೆಳಿಗ್ಗೆ ನಾಲ್ಕೂವರೆಗೆ ಕಂಪನಿ ಬಸ್ಸು ಹತ್ತಿದವರು ಸಂಜೆ ಐದಕ್ಕೆ ಮುಖದ ತುಂಬ ಧೂಳು ಹೊತ್ತು ಇಳಿಯುತ್ತಿದ್ದರು. ಅದೇ ಬಸ್ಸಿನ ಪಕ್ಕದ ಸೀಟಿನಲ್ಲಿ ಅವರಿಗೆ ಸಿಕ್ಕಿದ ಗೆಳೆಯ ತೊನ್ಯೋ. ಆಚೆ ಪಾಲು ಖಾಲಿ ಉಂಟು ಎಂದು ಕರೆದು ತಂದವರೂ ಪಪ್ಪನೇ. ಅಮ್ಮ ಅದನ್ನು ಪಪ್ಪನ ಕೊನೆಯವರೆಗೂ ಎತ್ತಿ ಆಡಿದಳು. ನಮ್ಮ ಊರು ಮಲ್ಪೆ ಬದಿ, ಮನೆಯಲ್ಲಿ ತುಳು, ಓದು ಬರಹಕ್ಕೆ ಕನ್ನಡ. ಆಚೆ ಕಡೆಯವರ ಜೊತೆ ನಾಲ್ಕು ಅರಬ್ಬಿ ಶಬ್ದ ಕಲಸಿದ ಇಂಗ್ಲಿಷು. ಇಲ್ಲಿ ಎಲ್ಲರ ಮಾತನ್ನೂ ನಮ್ಮ ಊರಿನ ಕನ್ನಡಕ್ಕೆ ಇಳಿಸಿದ್ದೇನೆ.

ಅವ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಎಂದು ಪಪ್ಪ ಹೇಳಿ ಮುಗಿಸುವಷ್ಟರಲ್ಲಿ ಗಿಟಾರಿನ ಪೆಟ್ಟಿಗೆ ಒಳಗೆ ಬಂತು. ಗ್ಯಾಸ್ ಪ್ಲಾಂಟಿನಲ್ಲಿ ಪದ ಹೇಳುವವರಿಗೆ ಎಂತ ಕೆಲಸ ಎಂದು ಅಮ್ಮ ಕೇಳಿದಳು. ಪೈಪಿನೊಳಗಿನ ಒತ್ತಡ ಅಳೆಯುವ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ ಅದು ಎಂದು ಅವಳಿಗೆ ತಿಳಿಯಲು ಒಂದು ವಾರ ಹಿಡಿಯಿತು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಹೆಸರು ಲೂಸ್. ಬೆಳಕು ಎಂಬ ಅರ್ಥವಂತೆ. ಆ ಹೆಸರು ಹಿಡಿದು ಕೂಗಲು ಅಮ್ಮನಿಗೆ ನಾಲಿಗೆಯೇ ಏಳಲಿಲ್ಲ. ಇಬ್ಬರಲ್ಲಿ ತಲೆ ಸರಿ ಇರುವವಳನ್ನು ಲೂಸ್ ಅಂತ ಕರೆಯುದು ಹೇಗೆ ಎಂದು ಐದು ವರ್ಷವೂ ಸಿಸ್ಟರ್ ಎಂದೇ ಕರೆದಳು. ಅಂಕಲ್ ಹಿಂದೆ ಏನಾಗಿದ್ದರು ಎಂದು ನಮಗೆ ಹೇಳಿದವರು ಆ ಸಿಸ್ಟರೇ. ಇಪ್ಪತ್ತರ ವಯಸ್ಸಿನಲ್ಲಿ ಇಬ್ಬರು ಗೆಳೆಯರ ಜೊತೆ ಗುಂಪು ಕಟ್ಟಿ, ಮೀನುಗಾರರ ಹಾಡುಗಳನ್ನು ಕರೆಂಟಿನ ಗಿಟಾರಿಗೆ ಹೊಂದಿಸಿ ಹಾಡುತ್ತಿದ್ದರಂತೆ. ಒಂದು ಹಾಡು ರೇಡಿಯೋದಲ್ಲಿ ಬಂದು, ವಿದ್ಯಾರ್ಥಿಗಳು ಮೆರವಣಿಗೆಯಲ್ಲಿ ಹಾಡುವಷ್ಟು ಹಬ್ಬಿತಂತೆ. ಆಮೇಲೆ ಗುಂಪು ಒಡೆಯಿತು, ಮಗಳು ಹುಟ್ಟಿದಳು, ಹಾಡು ಅನ್ನ ಹಾಕಲಿಲ್ಲ. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಇಬ್ಬರೂ ಇಲ್ಲಿಗೆ ಬಂದರು. ಆ ಮಗಳಿಗೆ ಸರಿಯಾಗಿ ನನ್ನ ವಯಸ್ಸು.

ನನ್ನ ಹೆಸರು ವೀಣಾ ಎಂದು ಗೊತ್ತಾದ ದಿನದಿಂದ ಅಂಕಲ್ ನನ್ನನ್ನು ಕಂಡಾಗಲೆಲ್ಲ ನಿನ್ನ ತಂತಿ ಎಲ್ಲಿ ಎಂದು ಕೇಳುತ್ತಿದ್ದರು. ಮೊದಲ ಸಲ ನಕ್ಕೆ. ಇನ್ನೂರನೆಯ ಸಲಕ್ಕೆ ಯಾರು ನಗುತ್ತಾರೆ? ಬಸ್ಸಿನಿಂದ ಇಳಿದು ಸ್ನಾನ ಮಾಡಿದರೆ ಗಿಟಾರು ಶುರು. ಶ್ರುತಿ ಮಾಡಲಿಕ್ಕೇ ಅರ್ಧ ಗಂಟೆ. ಆಮೇಲೆ ಒಂದು ಹಾಡಿನ ಎರಡು ಸಾಲು, ಮತ್ತೆ ಅವೇ ಎರಡು ಸಾಲು, ಮೂರನೆಯದು ಬರುವುದರೊಳಗೆ ನಿಲ್ಲಿಸಿ ಹೊಸತೊಂದು. ಐದು ವರ್ಷದಲ್ಲಿ ಅವರು ಒಂದು ಹಾಡನ್ನೂ ಮುಗಿಸಿರಲಿಲ್ಲ, ಒಂದನ್ನು ಬಿಟ್ಟು. ಆ ಒಂದರ ಸಂಗತಿ ಮುಂದೆ ಹೇಳುತ್ತೇನೆ. ಅಮ್ಮ ಪ್ರೀತಿಯಿಂದ ಸಾರು ಕಳಿಸಿದ ಸ್ಟೀಲ್ ಡಬ್ಬಿಗಳು ಹೋದ ದಾರಿಯಲ್ಲಿ ವಾಪಸು ಬರುತ್ತಿರಲಿಲ್ಲ. ನಾಳೆ ಕೊಡುತ್ತೇನೆ ಮ್ಯಾಮ್, ನಾಳೆ ಖಂಡಿತ, ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ. ಅಮ್ಮ ಸೌಟು ಹಿಡಿದುಕೊಂಡೇ ಗೋಡೆಯ ಮೇಲಿನ ಸಂದಿಗೆ ಮುಖವೆತ್ತಿ ಕೂಗುತ್ತಿದ್ದಳು.

‘ಅದರ ಮುಂದಿನ ಸಾಲು ಗೊತ್ತಿದ್ರೆ ಹಾಡಿ. ಇಲ್ದಿದ್ರೆ ಮಗುವಿಗೆ ಪರೀಕ್ಷೆ ಉಂಟು.’

‘ಅದನ್ನೇ ಹುಡುಕ್ತಾ ಇದ್ದೇನೆ ಮ್ಯಾಮ್.’

‘ಹೊರಗೆ ಹೋಗಿ ಹುಡುಕಿ. ಇಲ್ಲಿ ನಾನೀಗ ಎಸಿ ಆಫ್ ಮಾಡ್ತೇನೆ.’

ಮಾಡಿಯೂ ಬಿಡುತ್ತಿದ್ದಳು. ಹತ್ತು ನಿಮಿಷಕ್ಕೆ ನಾವೂ ಬೆವರಿ, ಪಪ್ಪ ಎದ್ದು ಸ್ವಿಚ್ಚು ಹಾಕಿ, ಜಗಳ ಈಚೆಗೆ ತಿರುಗುತ್ತಿತ್ತು.

ಒಲೆಯ ಮುಂದೆ ಮಾತ್ರ ರಾಜಿ. ಲೂಸ್ ಆಂಟಿ ಮೊದಲ ಸಲ ಒಣಮೀನು ಹುರಿದಾಗ, ಯಾರಾದರೂ ಮೂಗು ಮುಚ್ಚಿಕೊಂಡಾರು ಎಂದು ಕಿಟಕಿ ತೆಗೆದು ಬಾಗಿಲು ಮುಚ್ಚಿದ್ದರು. ಅಮ್ಮ ಆ ವಾಸನೆ ಹಿಡಿದು ನೇರ ಬಾಣಲೆಯ ಹತ್ತಿರ ಹೋಗಿ ನಿಂತಳು. ನಮ್ಮ ಊರಿನ ಬೇಸಗೆಯ ವಾಸನೆ ಅದು. ಅಲ್ಲಿಂದ ಮುಂದೆ ಶುಕ್ರವಾರ ಬೆಳಿಗ್ಗೆ ನಮ್ಮ ಗಂಜಿ, ಅವರ ಮೀನು. ಉಂಡು ಎದ್ದ ಪಪ್ಪ ಆಚೆ ಕಡೆ ಹೋದರೆ ಸಂಜೆಯವರೆಗೆ ನಾಪತ್ತೆ. ವಾರಕ್ಕೆ ಸಿಗುವ ಒಂದೇ ರಜೆಯನ್ನು ಆ ಮನುಷ್ಯ ತಿಂದುಹಾಕುತ್ತಾನೆ ಎಂದು ಅಮ್ಮ ಗೊಣಗುತ್ತಿದ್ದಳು. ಪಪ್ಪ ಹುಡುಗರಿದ್ದಾಗ ಮಲ್ಪೆಯ ದಡದಲ್ಲಿ ಕೈರಂಪಣಿ ಬಲೆ ಎಳೆದವರು. ನೂರು ಜನ ಸಾಲಾಗಿ ನಿಂತು ಹಗ್ಗ ಎಳೆಯುವಾಗ ಹಾಕುವ ಕೂಗನ್ನು ಅಂಕಲಿಗೆ ಕಲಿಸಿದರು. ಅಕ್ಕಿಯ ಖಾಲಿ ತಗಡಿನ ಡಬ್ಬಿ ಬಡಿದುಕೊಂಡು ಪಪ್ಪ ‘ಐಲೇಸಾ’ ಎನ್ನುವುದು, ಅಂಕಲ್ ಗಿಟಾರು ಮೀಟಿ ಅದನ್ನೇ ತಿರುಗಿಸಿ ಹೇಳುವುದು. ಪಪ್ಪ ಬಾಯಿಬಿಟ್ಟು ಹಾಡಿದ್ದನ್ನು ನಾನು ಕೇಳಿದ್ದು ಆ ಗೋಡೆಯ ಆಚೆಯಿಂದ ಮಾತ್ರ.

ಇನ್ನೊಂದು ಕಾಟ ನನಗೆ ಅಮ್ಮನಿಂದ. ಇಂಗ್ಲಿಷ್ ಶಾಲೆ, ಅಲ್ಲಿ ಹಿಂದಿ, ಅರಬ್ಬಿ ಎಲ್ಲ ಇತ್ತು, ಕನ್ನಡ ಇರಲಿಲ್ಲ. ದಿನಾ ನಾಲ್ಕು ಗಂಟೆಗೆ ಅಮ್ಮ ಊರಿನಿಂದ ತರಿಸಿದ ಒಂದನೇ ಕ್ಲಾಸಿನ ಪುಸ್ತಕ ಹಿಡಿದು ಕೂರಿಸುತ್ತಿದ್ದಳು. ನನಗೆ ಆ ಅಕ್ಷರಗಳೆಲ್ಲ ಒಂದೇ ಥರ ಸುತ್ತಿದ ಜಿಲೇಬಿಗಳಂತೆ ಕಾಣುತ್ತಿದ್ದವು. ಕಲಿಯುವುದಕ್ಕಿಂತ ಮೋಸ ಸುಲಭ ಎಂದು ಬೇಗ ಗೊತ್ತಾಯಿತು. ಅಮ್ಮ ಒಮ್ಮೆ ಓದಿದ್ದನ್ನು ಬಾಯಿಪಾಠ ಮಾಡಿ, ಪುಟದ ಚಿತ್ರ ನೋಡಿ ಅದನ್ನೇ ಒಪ್ಪಿಸುತ್ತಿದ್ದೆ. ಮಗಳು ಸರಾಗ ಓದುತ್ತಾಳೆ ಎಂದು ಅಮ್ಮ ಊರಿಗೆ ಬರೆದಳು. ಅಜ್ಜಿ ಅದಕ್ಕೆ ಕ್ಯಾಸೆಟ್ಟಿನಲ್ಲಿ ಉತ್ತರ ಕಳಿಸಿದರು. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ, ಫೋನು ಇದ್ದದ್ದು ದೂರದ ಪೇಟೆಯಲ್ಲಿ. ಹಾಗಾಗಿ ನೆರೆಮನೆಯ ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ, ರಜೆ ಮುಗಿಸಿ ಬರುವವರ ಕೈಯಲ್ಲಿ ಕೊಡುತ್ತಿದ್ದರು. ಯಾರ ಮದುವೆ, ಯಾವ ದೋಣಿಗೆ ಎಷ್ಟು ಮೀನು, ಯಾವ ಸೊಸೆ ಹೇಗೆ ಮುಖ ತಿರುವಿದಳು. ನಡುನಡುವೆ ‘ಉಂಡೆಯಾ ಮಗಾ’ ಎಂದು ಕೇಳಿ, ಉತ್ತರಕ್ಕೆ ಕಾದಂತೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ಆ ಖಾಲಿ ಜಾಗದಲ್ಲಿ ಅಮ್ಮ ಟೇಪ್ ರೆಕಾರ್ಡರಿಗೆ ‘ಉಂಡೆ ಅಮ್ಮಾ’ ಎನ್ನುತ್ತಿದ್ದಳು. ಅಂಥ ಐದು ಕ್ಯಾಸೆಟ್ಟು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು, ಜೊತೆಗೆ ಒಂದೆರಡು ಸಿನೆಮಾ ಹಾಡಿನವು. ಅಂಕಲ್ ಬಂದ ಐದನೆಯ ವರ್ಷದ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಅಮ್ಮನಿಗೆ ಹೋಗಲಾಗಲಿಲ್ಲ. ಆಮೇಲೆ ಪ್ರತಿ ಶುಕ್ರವಾರ ಕೊನೆಯ ಕ್ಯಾಸೆಟ್ಟನ್ನು ಕೇಳಿ, ಉಂಡೆ ಎಂದು ಹೇಳಿ, ಮತ್ತೆ ಡಬ್ಬಿಗೆ ಹಾಕುತ್ತಿದ್ದಳು.

ಒಂದು ಮಂಗಳವಾರ ಪ್ಲಾಂಟಿನಲ್ಲಿ ಯಾವುದೋ ಕೆಲಸ ನಿಂತು, ಬಸ್ಸು ಮಧ್ಯಾಹ್ನವೇ ವಾಪಸು ಬಂತು. ಅಮ್ಮ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಪಪ್ಪ ಕೈಕಾಲು ತೊಳೆದವರೇ ಆಚೆ ಹೋಗಿ ಡಬ್ಬಿ ಹಿಡಿದು ಕೂತರು. ಅಂಕಲ್ ನಮ್ಮ ಬಾಗಿಲಿಗೆ ಬಂದರು, ಕೂದಲಿನಲ್ಲಿ ಇನ್ನೂ ಧೂಳು.

‘ವೀಣಾ, ಹಾಡು ಮುಗಿದಿದೆ. ಬಸ್ಸಲ್ಲಿ ಪೂರ್ತಿ ಬಂತು. ಈಗ್ಲೇ ಹಿಡಿದಿಡದಿದ್ರೆ ಹೋಗಿಬಿಡ್ತದೆ. ಅಂಗಡಿಯೆಲ್ಲ ನಾಲ್ಕು ಗಂಟೆವರೆಗೆ ಬಂದ್. ಒಂದು ಕ್ಯಾಸೆಟ್ ಉಂಟಾ?’

ನಾನು ಡಬ್ಬಿ ಇಳಿಸಿ ಮೇಲಿದ್ದ ಒಂದನ್ನು ಕೊಟ್ಟೆ. ಅವರು ತಿರುಗಿಸಿ ನೋಡಿದರು.

‘ಇದರ ಮೇಲೆ ಎಂತ ಬರೆದಿದ್ದಾರೆ?’

‘ಹಳೇ ಸಿನೆಮಾ ಹಾಡು.’

‘ಮೇಲಿನ ಚೌಕ ಮುರಿದಿದ್ದಾರಲ್ಲ. ಅಳಿಸಿ ಹೋಗಬಾರದು ಅಂತ ಇದ್ರೆ ಮಾತ್ರ ಹಾಗೆ ಮಾಡುದು.’

‘ಅದು ಬಿದ್ದು ಮುರಿದದ್ದು. ಅಮ್ಮನಿಗೆ ಬೇಡ ಅದು.’

‘ನಿಂಗೆ ಓದ್ಲಿಕ್ಕೆ ಬರ್ತದಲ್ಲ?’

ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಜಾತಿ ನಾನಲ್ಲ. ಲೇಬಲ್ಲಿನ ಮೇಲೆ ಬೆರಳಿಟ್ಟು ‘ಹಳೇ ಸಿನೆಮಾ ಹಾಡು’ ಎಂದು ತಡವರಿಸದೆ ಓದಿ ತೋರಿಸಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೇಪರಿನ ಚೂರೊಂದನ್ನು ಉಂಡೆ ಮಾಡಿ, ಮುರಿದ ಚೌಕದ ತೂತಿಗೆ ತುರುಕಿ, ಕ್ಯಾಸೆಟ್ಟನ್ನು ನಮ್ಮ ಟೇಪ್ ರೆಕಾರ್ಡರಿಗೆ ಹಾಕಿ ಅದನ್ನೇ ಎತ್ತಿಕೊಂಡು ಹೋದರು. ಆ ಒಂದೇ ಹಾಡನ್ನು ಸಂಜೆಯವರೆಗೆ, ಎರಡೂ ಬದಿ ತುಂಬುವಷ್ಟು ಸಲ ಹಾಡಿದರು. ಪ್ರತಿ ನಾಳೆ ಮಾಡಿಕೊಳ್ಳುತ್ತೇನೆ ಎಂದು ಕ್ಯಾಸೆಟ್ಟನ್ನು ಅದರೊಳಗೇ ಬಿಟ್ಟು ಟೇಪ್ ರೆಕಾರ್ಡರನ್ನು ವಾಪಸು ತಂದಿಟ್ಟರು.

ಶುಕ್ರವಾರ ಗಂಜಿ ಮುಗಿದ ಮೇಲೆ ಅಮ್ಮ ಟೇಪ್ ರೆಕಾರ್ಡರಿನ ಮುಂದೆ ಕೂತು ಬಟನ್ ಒತ್ತಿದಳು. ಗಿಟಾರು ಕೇಳಿತು. ತಪ್ಪು ಕ್ಯಾಸೆಟ್ ಇರಬೇಕೆಂದು ತೆಗೆದು ಲೇಬಲ್ ನೋಡಿದಳು. ಮತ್ತೆ ಹಾಕಿ, ಸ್ವಲ್ಪ ಸ್ವಲ್ಪವೇ ಮುಂದೆ ಓಡಿಸಿ ಅಲ್ಲಲ್ಲಿ ನಿಲ್ಲಿಸಿ ಕೇಳಿದಳು. ಎರಡನೆಯ ಬದಿಯ ತುದಿಯಲ್ಲಿ ಅಜ್ಜಿಯದು ಉಳಿದದ್ದು ಅರ್ಧ ನಿಮಿಷ. ನೆರೆಮನೆಯ ಬೆಕ್ಕು ನಮ್ಮ ಸೌದೆಕೊಟ್ಟಿಗೆಯಲ್ಲಿ ಮರಿ ಹಾಕಿದ ವಿಷಯ. ಅಮ್ಮ ಕೂಗಾಡಲಿಲ್ಲ. ಕ್ಯಾಸೆಟ್ಟು ಹಿಡಿದು ಅಡುಗೆಮನೆಯ ಮೂಲಕ ಆಚೆ ಹೋದಳು. ನಾನು ಅವಳ ಹಿಂದೆ ಹೋದೆ. ಅಂಕಲ್ ಎದ್ದು ನಿಂತರು. ಅವರು ಮೊದಲು ನೋಡಿದ್ದು ನನ್ನನ್ನು.

‘ನಾನೇ ತೆಗೆದದ್ದು ಮ್ಯಾಮ್. ಡಬ್ಬಿ ಅಲ್ಲೇ ಇತ್ತು. ಯಾರನ್ನೂ ಕೇಳ್ಲಿಲ್ಲ. ತಪ್ಪಾಯ್ತು.’

‘ನಿಮಗೆ ನಮ್ಮ ಅಕ್ಷರ ಓದ್ಲಿಕ್ಕೆ ಬರುದಿಲ್ಲ, ಒಪ್ಪಿದೆ. ಕೇಳ್ಲಿಕ್ಕೆ ಬಾಯಿ ಇರ್ಲಿಲ್ವಾ? ಇಡೀ ದಿನ ತೆರೆದೇ ಇರ್ತದಲ್ಲ ಅದು?’

ಪಪ್ಪ ತಗಡಿನ ಡಬ್ಬಿಯನ್ನು ಮೆಲ್ಲಗೆ ಮಂಚದ ಕೆಳಗೆ ತಳ್ಳಿದರು. ನಾನೂ ಬಾಯಿ ಬಿಡಲಿಲ್ಲ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡು ನಿಂತೇ ಇದ್ದೆ. ಅಮ್ಮ ತಿರುಗಿ ನನ್ನ ಕೈ ಹಿಡಿದು ಕರೆದುಕೊಂಡು ಬಂದಳು. ಅಂದಿನಿಂದ ಅವಳು ಆಚೆ ಕಡೆಯವರ ಜೊತೆ ಮಾತು ಬಿಟ್ಟಳು. ಲೂಸ್ ಆಂಟಿ ಡ್ಯೂಟಿಗೆ ಹೋದ ಮೇಲೆಯೇ ಅಡುಗೆಮನೆಗೆ ಹೋಗುವುದು, ಅವರು ಬರುವುದರೊಳಗೆ ಒಲೆ ಒರೆಸಿ ಬರುವುದು. ಶುಕ್ರವಾರದ ಮೀನು ನಿಂತಿತು, ಪಪ್ಪ ಆಚೆ ಹೋಗುವುದೂ ನಿಂತಿತು. ಅಂಕಲ್ ಗಿಟಾರು ಮುಟ್ಟುವುದು ಕಮ್ಮಿ ಮಾಡಿದರು. ನನಗೆ ಲೆಕ್ಕ ಮಾಡಲು ಬೇಕಾದ ಶಾಂತಿ ಸಿಕ್ಕಿತ್ತು. ಆ ಶಾಂತಿಯಲ್ಲಿ ನಾನು ಲೆಕ್ಕ ಮಾಡಲಿಲ್ಲ, ಯಾರೂ ಹೇಳದೆ ಕನ್ನಡ ಪುಸ್ತಕ ತೆಗೆದು ಕೂತೆ. ಎರಡು ವಾರದಲ್ಲಿ ಒಂದೊಂದೇ ಅಕ್ಷರ ಹಿಡಿದು, ಆ ಲೇಬಲ್ಲಿನ ಮೇಲಿನದ್ದನ್ನು ಓದಿದೆ. ‘ಅಮ್ಮ, ಕೊನೆಯದ್ದು’ ಎಂದಿತ್ತು. ನಾನು ಕನ್ನಡದಲ್ಲಿ ಮೊತ್ತಮೊದಲು ನಿಜವಾಗಿ ಓದಿದ್ದು ಅದನ್ನು. ಇಂದು ಈ ಭಾಷೆಯಲ್ಲಿ ಬರೆಯುತ್ತಿದ್ದರೆ ಅದಕ್ಕೆ ಕಾರಣ ಭಾಷಾಭಿಮಾನ ಎಂದು ಸಭೆಗಳಲ್ಲಿ ಹೇಳಿಕೊಂಡಿದ್ದೇನೆ. ಕಾರಣ ಹೆದರಿಕೆ.

ನಾಲ್ಕು ತಿಂಗಳ ಮೇಲೆ ಅಂಕಲ್ ಅವರ ಕಾಂಟ್ರಾಕ್ಟ್ ಮುಗಿಯಿತು. ಹೊರಡುವ ದಿನ ಅವರು ನಮ್ಮ ಮುಂಬಾಗಿಲಿಗೆ ಬಂದು ತಟ್ಟಿದರು. ಐದು ವರ್ಷ ಅಡುಗೆಮನೆಯಿಂದಲೇ ಬಂದವರು ಅಂದು ನೆಂಟರ ಹಾಗೆ ಹೊರಗಿನಿಂದ ಬಂದಿದ್ದರು. ಅಮ್ಮ ಕಿಟಕಿಯಿಂದ ನೋಡಿ, ಏಳದೆ ಬಟ್ಟೆ ಮಡಚುತ್ತ ಕೂತಳು. ಪಪ್ಪ ಡ್ಯೂಟಿಯಲ್ಲಿದ್ದರು. ಸ್ವಲ್ಪ ಹೊತ್ತಿಗೆ ಟ್ಯಾಕ್ಸಿಯ ಸದ್ದು ಕೇಳಿತು. ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ನಮ್ಮ ಸ್ಟೀಲ್ ಡಬ್ಬಿಗಳು, ಹನ್ನೊಂದೂ ತೊಳೆದು ಒರೆಸಿ ಒಂದರ ಮೇಲೊಂದು ಇಟ್ಟಿದ್ದವು.

ಆಮೇಲಿನ ಅವರ ಜೀವನ ನನಗೆ ಗೊತ್ತಾದದ್ದು ಗ್ರೇಸಳ ಪುಸ್ತಿಕೆಯಿಂದ. ಊರಿಗೆ ಹೋಗಿ ಮೀಟರು ರಿಪೇರಿಯ ಅಂಗಡಿ ಇಟ್ಟರು, ಹಡಗುಕಟ್ಟೆಯ ಹೋಟೆಲಿನಲ್ಲಿ ಸಂಜೆ ಹಾಡಿದರು. ಅರುವತ್ತು ದಾಟಿದ ಮೇಲೆ ಹುಡುಗರ ಒಂದು ಗುಂಪು ಅವರನ್ನು ಹುಡುಕಿ ವೇದಿಕೆ ಹತ್ತಿಸಿತು. ಗ್ರೇಸ್ ದೋಹಾದ ಯಾವುದೋ ಆಫೀಸಿನಲ್ಲಿ ಕೆಲಸ ಮಾಡುತ್ತ, ರಜೆಯ ದಿನ ಅವರ ಕತೆ ಕೂಡಿಹಾಕುವವಳು. ಅಮ್ಮ ಈಗ ನನ್ನ ಜೊತೆ ಇದ್ದಾಳೆ. ಪಪ್ಪ ಹೋಗಿ ಐದು ವರ್ಷ. ಅಂಕಲ್ ಅವರ ಹಾಡುಗಳಲ್ಲೆಲ್ಲ ಬರುವ ‘ಐಲೇಸಾ’ ಎಂಬುದು ಪುರಾತನ ಸಮುದ್ರದೇವತೆಯ ಹೆಸರು ಎಂದು ಪುಸ್ತಿಕೆಯಲ್ಲಿ ಬರೆದಿತ್ತು. ಅದನ್ನು ಹೇಳಿದಾಗ ಅಮ್ಮ ಕನ್ನಡಕ ತೆಗೆದಳು.

‘ಎಂಥ ದೇವತೆ? ಬಲೆ ಎಳೆಯುವಾಗ ಹೇಳುದು ಅದು. ಕಲಿಸಿದ್ದು ನಿನ್ನ ಅಪ್ಪ. ಬರ್ಕೊಳ್ಳಿಕ್ಕೆ ಹೇಳು ಅವಳಿಗೆ.’

ಗ್ರೇಸ್ ಬರೆದುಕೊಂಡಳು. ಯಾವುದಾದರೂ ಕ್ಯಾಸೆಟ್ ಉಂಟಾ ಎಂದು ಕೇಳಿದಳು. ಇಲ್ಲ ಎಂದಳು ಅಮ್ಮ. ಗ್ರೇಸ್ ಹೋದ ಮೇಲೆ ಕಪಾಟಿನಿಂದ, ಸೀರೆಗಳ ಅಡಿಯಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ನಾನು ತಿಳಿಸಿದ್ದಕ್ಕೆ ಮುಂದಿನ ಶುಕ್ರವಾರ ಗ್ರೇಸ್ ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರ್ ಹೊತ್ತು ತಂದಳು. ಅಮ್ಮ ಆ ಕ್ಯಾಸೆಟ್ಟನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಹಾಡು ನಿಜಕ್ಕೂ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳುವುದೂ ನನಗೊಂದು ಸಂಕಟ. ಅದನ್ನೇ ಎರಡನೆಯ ಸಲ ಹಾಡುವಾಗ ನಡುವೆ ತಗಡಿನ ಸದ್ದು, ಆಮೇಲೆ ಪಪ್ಪನ ಗಂಟಲು, ನಲವತ್ತರ ಹರೆಯದ್ದು. ಅಮ್ಮ ಕೈಯನ್ನು ಟೇಪ್ ರೆಕಾರ್ಡರಿನ ಮೇಲಿಟ್ಟಳು.

‘ತಾಳವೇ ಇಲ್ಲ ಇವರಿಗೆ,’ ಎಂದಳು. ಕೈ ತೆಗೆಯಲಿಲ್ಲ.

ಗ್ರೇಸ್ ಹೊರಟ ಮೇಲೂ ಅಮ್ಮನ ಮುಖ ಮೆತ್ತಗಿತ್ತು. ಹೇಳುವುದಿದ್ದರೆ ಈಗಲೇ ಎಂದುಕೊಂಡು ಹೇಳಿಬಿಟ್ಟೆ. ಕ್ಯಾಸೆಟ್ ಕೊಟ್ಟದ್ದು ನಾನು, ಆಗ ನನಗೆ ಓದಲು ಬರುತ್ತಿರಲಿಲ್ಲ, ಎರಡೂ ಸುಳ್ಳು ನನ್ನದೇ. ನಲವತ್ತು ದಾಟಿದ ಮಗಳನ್ನು ಕ್ಷಮಿಸಿಬಿಡುತ್ತಾಳೆ ಎಂದು ನಂಬಿದ್ದೆ. ಅಮ್ಮ ಎದ್ದು ಒಳಗೆ ಹೋದಳು. ನಾಲ್ಕು ದಿನ ನನ್ನ ಜೊತೆ ಒಂದು ಮಾತಿಲ್ಲ. ಅಡುಗೆ ಮಾಡಿ ಮುಚ್ಚಿಟ್ಟು, ನಾನು ಬರುವುದರೊಳಗೆ ರೂಮು ಸೇರುತ್ತಿದ್ದಳು. ಐದನೆಯ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಬಾಯಿ ತೆರೆದಳು.

‘ಅವ ಬಾಗಿಲು ತಟ್ಟಿದ್ದು ನೆನಪುಂಟಾ ನಿಂಗೆ? ನೀನು ಅಲ್ಲೇ ಇದ್ದೆ. ನನ್ನ ಬಟ್ಟೆ ಮಡಚಿಕೊಡ್ತಾ ಇದ್ದೆ.’

‘ನೆನಪುಂಟು.’

‘ಸಿಸ್ಟರಿನ ನಂಬರು ತೆಗೆಸು. ನೀನೇ ಹೇಳ್ಬೇಕು. ನಾನು ಹೇಳುದಿಲ್ಲ.’

ಗ್ರೇಸ್ ನಂಬರು ಕೊಟ್ಟಳು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಎಲ್ಲವನ್ನೂ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸಿದೆ. ಕ್ಯಾಸೆಟ್ಟಿನ ಪ್ರತಿ ಮಾಡಿಕೊಳ್ಳಲು ಗ್ರೇಸಳಿಗೆ ಅಮ್ಮ ಒಪ್ಪಿಗೆ ಕೊಟ್ಟದ್ದೂ ಆ ದಿನವೇ, ಒಂದು ಷರತ್ತಿನ ಮೇಲೆ. ತುದಿಯ ಅರ್ಧ ನಿಮಿಷ ಮಾತ್ರ ಕೊಡುವುದಿಲ್ಲ. ಹಾಡು ಅವರು ಕೊಂಡೋಗ್ಲಿ, ಬೆಕ್ಕು ನಮ್ದು ಎಂದಳು.

ಎರಡು ದಿನಕ್ಕೆ ಲೂಸ್ ಆಂಟಿಯ ಉತ್ತರ ಫೋನಿಗೆ ಬಂತು. ಮುದಿ ಸ್ವರ, ಆದರೆ ಅದೇ ನಿಧಾನದ ಇಂಗ್ಲಿಷು.

‘ತೊನ್ಯೋ ಅವತ್ತೇ ನನ್ನ ಹತ್ರ ಹೇಳಿದ್ದ. ಹುಡುಗಿಗೆ ಓದ್ಲಿಕ್ಕೆ ಬರುದಿಲ್ಲ, ಬೆರಳು ಬಲದಿಂದ ಎಡಕ್ಕೆ ಹೋಯ್ತು, ಶಾಲೆಯಲ್ಲಿ ಅರಬ್ಬಿ ಓದುವ ಹಾಗೆ. ನಂಗೆ ಗೊತ್ತಾಯ್ತು, ಆದ್ರೂ ಬಟನ್ ಒತ್ತಿದೆ, ಹಾಡು ತಪ್ಪಿಹೋಗ್ತದೆ ಅಂತ ಹೆದರಿಕೆ ಆಯ್ತು ಅಂದ. ತಪ್ಪು ನಂದು ಅಂತ ಮ್ಯಾಮ್ ಹತ್ರ ಹೇಳಿದ್ದು ಸುಳ್ಳಲ್ಲ ಅಂತಿದ್ದ. ಆ ಹಾಡನ್ನು ಅವ ಮತ್ತೆ ಎಲ್ಲಿಯೂ ಹಾಡ್ಲಿಲ್ಲ. ನೀನು ಬೇಜಾರು ಮಾಡ್ಬೇಡ.’

ನಾನು ಫೋನನ್ನು ಕೆಳಗಿಟ್ಟೆ. ಇಷ್ಟು ವರ್ಷ ಆ ಮನುಷ್ಯ ನನ್ನ ತಪ್ಪನ್ನು ಹೊತ್ತ ಪುಣ್ಯಾತ್ಮ ಎಂದುಕೊಂಡು ಒಳಗೊಳಗೇ ಬೆಂದಿದ್ದೆ. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಪೇಪರಿನ ಉಂಡೆ ತುರುಕಿದರು. ಒಳ್ಳೆಯವರೆಂದು ನೆನೆಯಲಿಕ್ಕೂ ಸರಿಯಾಗಿ ಬಿಡದ ಮನುಷ್ಯ. ಅಮ್ಮನಿಗೆ ಎಲ್ಲವನ್ನೂ ತುಳುವಿನಲ್ಲಿ ಹೇಳಿದೆ. ಅವಳು ಎರಡು ಸಲ ಹೇಳಿಸಿ ಕೇಳಿದಳು.

‘ಹಾಗಾದ್ರೆ ಅವನ ಮೇಲೆ ಮಾಡಿದ ಸಿಟ್ಟಲ್ಲಿ ಅರ್ಧ ಸರಿಯೇ ಇತ್ತು,’ ಎಂದಳು. ‘ಉಳಿದರ್ಧ ನಿಂಗೆ ಬರಬೇಕಾದ್ದು. ಒಟ್ಟಿಗೆ ಕೊಡ್ಲಿಕ್ಕೆ ನಂಗೆ ಈಗ ಶಕ್ತಿ ಇಲ್ಲ. ಸ್ವಲ್ಪ ಸ್ವಲ್ಪ ಕೊಡ್ತೇನೆ.’

ಕೊಡುತ್ತಿದ್ದಾಳೆ. ನಿನ್ನೆ ಬಂಗುಡೆ ಸಾರಿನಲ್ಲಿ ನನ್ನ ತಟ್ಟೆಗೆ ಬಂದದ್ದು ಮುಳ್ಳೇ ಹೆಚ್ಚಿದ್ದ ಬಾಲದ ತುಂಡು. ಸುಮ್ಮನೆ ಉಂಡೆ.